ಮುಚ್ಚಿದ ಬಾಗಿಲಿನ ಬಿಲ್ಲೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಜವಳಿ ಅಂಗಡಿಯ ಲಿಫ್ಟ್. ಮೂರನೇ ಮಹಡಿಯಲ್ಲಿ ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ — ಮನಸ್ಸು ಗಟ್ಟಿಯಿಲ್ಲದವರ ಹಾಗೆ. ಸೆನ್ಸರ್ ಮೇಲೆ ಯಾವುದೋ ಮಗು ಚೂಯಿಂಗ್ ಗಮ್ ಅಂಟಿಸಿತ್ತು. ಕೆರೆದೆ, ಒರೆಸಿದೆ, ಸರಿಹೋಯಿತು. ಸಹಿ ಹಾಕಬೇಕಾದ ಮ್ಯಾನೇಜರ್ ತಿಂಡಿಗೆ ಹೋಗಿದ್ದರು. ಮೆಷಿನ್ ರೂಮಿನಲ್ಲಿ ಕೂತು ಫೋನಿನಲ್ಲಿ ಹಾಳೆಮನೆ ಆ್ಯಪ್ ತೆರೆದೆ.

ಒಳ್ಳೆಯ ದಿನ. ನನ್ನ ಎರಡು ಬಿಲ್ಲೆ ಕೊಟ್ಟು ಒಂದು ತಂದೆ: ಮೆಟ್ಟಿಲ ಮೇಲೆ ಒರಗಿಸಿಟ್ಟ ಒದ್ದೆ ಛತ್ರಿ, ಅದರ ತುದಿಯಿಂದ ಇಳಿದ ನೀರಿನ ಗೆರೆ. ನೋಡುತ್ತಾ ಕೂತರೆ ನೀರು ಇನ್ನೂ ಹರಿಯುತ್ತಿದೆ ಅನ್ನಿಸುತ್ತದೆ.

ಸಂಜೆ ಮನೆಯಲ್ಲಿ ಹೆಂಡತಿಗೆ ತೋರಿಸಿದೆ. ‘ತಿನ್ನೋಕಾಗಲ್ಲ, ತೊಡೋಕಾಗಲ್ಲ, ಏನು ಸುಖ ಇದರಲ್ಲಿ?’ ಎಂದಳು. ನೂರನೇ ಸಲ ವಿವರಿಸಿದೆ. ಹಾಳೆಮನೆಯಲ್ಲಿ ಜನ ಕಥೆ ಬರೆದು ಹಾಕುತ್ತಾರೆ. ಪ್ರತಿ ಕಥೆಗೆ ಒಂದು ಪುಟ್ಟ ದುಂಡು ಚಿತ್ರ ಮಾಡುತ್ತಾರೆ, ಓದಿ ಒಳ್ಳೆಯ ಮಾತು ಬರೆದವರಿಗೆ ನೆನಪಿಗೆಂದು ಕೊಡುತ್ತಾರೆ. ಅದೇ ಬಿಲ್ಲೆ. ಆಮೇಲೆ ನಾವು ನಾವೇ ಬದಲಾಯಿಸಿಕೊಳ್ಳುತ್ತೇವೆ, ಚಿಕ್ಕಂದಿನ ಗೋಲಿಯ ಹಾಗೆ. ‘ಗೋಲಿಯಾದ್ರೆ ಜೇಬಲ್ಲಿ ಸದ್ದಾದ್ರೂ ಮಾಡುತ್ತೆ’ ಎಂದು ಹೊಲಿಗೆಗೆ ಕೂತಳು. ಅವಳದ್ದು ಬಟ್ಟೆ ಆಲ್ಟರೇಶನ್. ಅಂಗಡಿಯದ್ದು ಮುಗಿದರೂ ಮನೆಗೆ ಒಂದು ಚೀಲ ಬಂದೇ ಬರುತ್ತದೆ.

ನಾನು ಬರೆದದ್ದು ಎರಡೇ ಕಥೆ, ಎರಡೂ ಲಿಫ್ಟಿನದ್ದೇ. ಕೂಡಿಸಿದ ಬಿಲ್ಲೆ ಮಾತ್ರ ರಾಶಿ.

ಅತ್ತೆ ಹಾಲ್‌ನ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿದ್ದರು. ಸ್ಟ್ರೋಕ್ ಆಗಿ ಇದು ನಾಲ್ಕನೇ ತಿಂಗಳು. ಬಲಗೈ ಬಿದ್ದುಹೋಗಿದೆ. ನಾಲ್ಕು ಕಾಲಿನ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಮಾತು ಹೋಯಿತು. ಉಳಿದದ್ದು ಒಂದೇ — ‘ಹಾಗಲ್ಲ’. ನೀರು ಬೇಕಾ ಅಂದರೂ ಹಾಗಲ್ಲ, ಬೇಡವಾ ಅಂದರೂ ಹಾಗಲ್ಲ.

ನನಗೇನೂ ಹೊಸದಲ್ಲ. ಮದುವೆಯಾದಾಗಿನಿಂದ ಅವರು ನನ್ನನ್ನು ನೇರ ಮಾತಾಡಿಸಿದವರೇ ಅಲ್ಲ. ನಾನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, ‘ಅವರನ್ನ ಊಟಕ್ಕೆ ಕರಿ’ ಎನ್ನುತ್ತಿದ್ದರು. ಅಳಿಯ ಅಂದರೆ ದೂರದಿಂದ ಗೌರವ.

ಮಾರ್ಚ್ 7

ಸ್ಪೀಚ್ ಥೆರಪಿ ಮೇಡಂ ಚಿತ್ರದ ಬೋರ್ಡ್ ತಂದಿದ್ದರು. ಲೋಟ, ತಟ್ಟೆ, ಕಮೋಡ್, ಮಾತ್ರೆ, ಅಳುವ ಮುಖ. ಬೇಕಾದ್ದರ ಮೇಲೆ ಬೆರಳಿಟ್ಟರೆ ಸಾಕು. ಅತ್ತೆ ಒಂದು ಸಲ ನೋಡಿದರು, ಎಡಗೈಯಲ್ಲಿ ತಳ್ಳಿದರು. ಬೋರ್ಡ್ ಹೋಗಿ ಮಂಚದ ಕೆಳಗೆ ಸೇರಿತು. ಎತ್ತಿ ಕೊಟ್ಟೆ. ಮತ್ತೆ ಮಂಚದ ಕೆಳಗೆ.

ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಹೇಳಿದರು: ‘ಬಲವಂತ ಬೇಡ. ನಾವು ಹೇಳೋದು ಅವರಿಗೆ ಬಹಳಷ್ಟು ಅರ್ಥ ಆಗ್ತಿದೆ. ಮಾತು ಹೊರಗೆ ಬರೋ ದಾರಿ ಕಟ್ಟಿಹೋಗಿದೆ ಅಷ್ಟೆ. ಬೇರೆ ದಾರಿ ಅವರೇ ಹುಡುಕಬಹುದು. ನೋಡ್ತಾ ಇರಿ.’

ನಾವು ನೋಡುತ್ತಲೇ ಇದ್ದೇವೆ. ಕಾಣುವುದು ಬೆನ್ನು.

ಮಾರ್ಚ್ 12, ಬೆಳಿಗ್ಗೆ

ಇವತ್ತು ರಜೆ. ಇವಳು ಅಂಗಡಿಗೆ. ಅತ್ತೆಯ ಪಕ್ಕ ಕುರ್ಚಿ ಹಾಕಿಕೊಂಡು ಟ್ಯಾಬಿನಲ್ಲಿ ಬಿಲ್ಲೆ ತಿರುವುತ್ತಿದ್ದೆ. ಪರದೆಯ ಮೇಲೆ ಇನ್ನೊಂದು ಬೆರಳು ಬಂತು. ಸುಕ್ಕಿನ ಬೆರಳು. ಎಡಗೈಯದ್ದು.

ಬಿಸಿಲಲ್ಲಿ ಮೈಚೆಲ್ಲಿ ಮಲಗಿದ ಬೆಕ್ಕು. ಅದರ ಮೇಲಿಟ್ಟ ಬೆರಳು ಕದಲಲಿಲ್ಲ. ಚೆನ್ನಾಗಿದೆಯಾ ಅತ್ತೆ, ಎಂದೆ. ‘ಹಾಗಲ್ಲ.’ ಬೆರಳು ಬೆಕ್ಕಿನಿಂದ ಕಿಟಕಿಗೆ ಹೋಯಿತು. ಮತ್ತೆ ಬೆಕ್ಕಿಗೆ. ಮತ್ತೆ ಕಿಟಕಿಗೆ.

ಕಿಟಕಿಯ ಕೆಳಗೆ ನೆಲದ ಮೇಲೆ ಒಂದು ಚೌಕ ಬಿಸಿಲು ಬಿದ್ದಿತ್ತು. ಕುರ್ಚಿ ಅಲ್ಲಿಗೆ ಎಳೆದೆ, ಕೈಹಿಡಿದು ಕೂರಿಸಿದೆ. ಬಿಸಿಲು ಮುಖದ ಮೇಲೆ ಬಿತ್ತು. ಅತ್ತೆ ಕಣ್ಣು ಮುಚ್ಚಿದರು. ಅವರ ಉಸಿರು ನಿಧಾನವಾಗುವುದು ನನಗೆ ಕೇಳಿಸಿತು.

ಇಷ್ಟು ತಿಂಗಳು ಆ ಬಿಸಿಲು ದಿನಾ ಬಂದು ಹೋಗಿದೆ. ಒಂದೇ ಕೋಣೆಯಲ್ಲಿ.

ಎದ್ದು ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ.

ಮಾರ್ಚ್ 13

ಇವಳು ನಂಬಲಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಎಂದಳು. ಆಸೆ ಹುಟ್ಟಿಸಬೇಡಿ ಅಂತಲೂ ಹೇಳಿದಳು.

ಸಂಜೆ ಅವಳನ್ನೇ ಅತ್ತೆಯ ಮುಂದೆ ಕೂರಿಸಿ ಟ್ಯಾಬ್ ಕೊಟ್ಟೆ. ಅತ್ತೆ ತುಂಬಾ ಹೊತ್ತು ಬಿಲ್ಲೆ ತಿರುವಿದರು, ಹಿಂದಕ್ಕೆ ಬಂದರು, ಮುಂದಕ್ಕೆ ಹೋದರು. ಕೊನೆಗೆ ಒಂದರ ಮೇಲೆ ನಿಂತರು: ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿರುವ ಕಾವಲುಗಾರ, ತಲೆ ಎದೆಯ ಮೇಲೆ. ಆ ಬೆರಳು ಮಗಳ ಕಡೆ ತಿರುಗಿತು. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ಮೆಲ್ಲನೆ ಮುಟ್ಟಿತು.

ಇವಳು ಅತ್ತೆಯ ಮಡಿಲಲ್ಲಿ ತಲೆಯಿಟ್ಟಳು. ಹಾಗೇ ನಿದ್ದೆ ಹೋದಳು. ಹೊಲಿಗೆಯ ಚೀಲ ಬಿಚ್ಚಲಿಲ್ಲ. ಒಲೆ ನಾನೇ ಹಚ್ಚಿದೆ.

ಆ ಬೋರ್ಡನ್ನು ಯಾಕೆ ಎಸೆದರು ಅಂತ ಈಗ ತಿಳಿಯಿತು. ಅದರಲ್ಲಿ ತನಗೆ ಏನು ಬೇಕು ಅಂತ ಕೇಳಬಹುದು, ಅಷ್ಟೆ. ‘ನಿನಗೆ ಸುಸ್ತಾಗಿದೆ’ ಅನ್ನುವುದಕ್ಕೆ ಅದರಲ್ಲಿ ಚಿತ್ರವಿಲ್ಲ. ಯಾರೋ ಕಂಡರಿಯದವರು ತಮ್ಮ ಕಥೆಗೆಂದು ಬರೆದ ಕಾವಲುಗಾರ ನಮ್ಮ ಮನೆಗೆ ಬಂದು ಅತ್ತೆಯ ಬಾಯಾದ.

ಮಾರ್ಚ್ 17, ಭಾನುವಾರ

ಭಾವ ಬಂದಿದ್ದರು. ಇವಳ ಅಣ್ಣ. ಕಾರ್ ಕೀ ಬೆರಳಲ್ಲಿ ತಿರುಗಿಸುತ್ತಾ ಹಾಲ್ ಮಧ್ಯೆ ನಿಂತೇ ಮಾತಾಡಿದರು. ಊರಾಚೆ ಆರೈಕೆ ಮನೆಯೊಂದಿದೆಯಂತೆ, ನೋಡಿ ಬಂದಿದ್ದಾರಂತೆ. ಚೊಕ್ಕವಾಗಿದೆ, ನರ್ಸ್ ಇದ್ದಾರೆ. ಏಪ್ರಿಲ್ ಮೊದಲ ದಿನ ಜಾಗ ಖಾಲಿಯಾಗುತ್ತದೆ. ತಂಗಿ ಹೀಗೆ ಸವೆಯುವುದನ್ನು ನೋಡಲಾಗದು ಎಂದರು. ಕೆಟ್ಟ ಮನಸ್ಸಿನವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಇವಳು ಸವೆಯುತ್ತಿದ್ದಾಳೆ.

‘ಅಮ್ಮನಿಗೆ ಎಲ್ಲಿದ್ರೂ ಒಂದೇ. ಏನೂ ಗೊತ್ತಾಗ್ತಿಲ್ಲ ಪಾಪ’ — ಇದನ್ನು ಅತ್ತೆಯ ತಲೆಯ ಮೇಲಿಂದ ಹೇಳಿದರು.

ಬಿಲ್ಲೆಯ ವಿಷಯ ಇವಳು ಎತ್ತಿದಳು. ಭಾವ ಟ್ಯಾಬ್ ಹಿಡಿದರು. ಅತ್ತೆ ನೋಡಲೂ ಇಲ್ಲ. ಮುಖ ಗೋಡೆ ಕಡೆ. ಭಾವ ನನ್ನ ಭುಜ ತಟ್ಟಿದರು. ಆ ತಟ್ಟುವಿಕೆಯಲ್ಲಿ ಕನಿಕರ ಇತ್ತು.

ತಾಯಿ ಮಕ್ಕಳ ನಡುವೆ ಅಳಿಯ ಎಷ್ಟು ಮಾತಾಡಬಹುದು…

ಮಾರ್ಚ್ 19

ಹೋಯಿತು. ರೈಲು ಹೋಯಿತು.

ಮೂರು ವರ್ಷ ಕಾದು, ಬೇಡಿ, ಕಾಡಿ ಪಡೆದದ್ದು. ಕತ್ತಲ ಬಯಲಲ್ಲಿ ನಿಂತ ರೈಲು, ಒಂದೇ ಕಿಟಕಿಯಲ್ಲಿ ದೀಪ. ಒಂಟಿ ಬಿಲ್ಲೆ — ಬರೆದವರು ಇದೊಂದನ್ನೇ ಮಾಡಿದ್ದು. ಇಡೀ ಹಾಳೆಮನೆಯಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ಜನ ನನ್ನನ್ನು ಗುರುತು ಹಿಡಿಯುತ್ತಿದ್ದದ್ದೇ ಅದರಿಂದ.

ಟ್ಯಾಬ್ ಅತ್ತೆಯ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ‘ವಿನಿಮಯ ಮುಗಿದಿದೆ’. ಹಾಳೆಮನೆಯಲ್ಲಿ ‘ಪೆನ್ಸಿಲ್ ತುಂಡು’ ಅನ್ನುವ ಹೆಸರಿನವರು ಒಬ್ಬರಿದ್ದಾರೆ, ಅವರ ಸಂಗ್ರಹಕ್ಕೆ ಹೋಗಿ ಒಂದನ್ನು ಆರಿಸಿ, ಬದಲಿಗೆ ನನ್ನ ರೈಲು ಮುಂದಿಟ್ಟಿದ್ದಾರೆ ಅತ್ತೆ. ಪೆನ್ಸಿಲ್ ತುಂಡು ಒಪ್ಪದೆ ಇರುತ್ತಾರೆಯೇ? ದಿನಾ ಪಕ್ಕದಲ್ಲಿ ಕೂತು ನಾನು ಮಾಡುವುದನ್ನು ನೋಡಿ ಅತ್ತೆ ಕಲಿತಿದ್ದಾರೆ.

ಬಂದದ್ದೇನು? ಒಂದು ಬಾಗಿಲು. ಮುಚ್ಚಿದ ಬಾಗಿಲು. ಯಾರು ಕೇಳಿದರೂ ಕೊಡುವಂಥ ಬಿಲ್ಲೆ.

ಏನಾದರೂ ಅಂದುಬಿಟ್ಟೇನು ಅಂತ ಮೆಟ್ಟಿಲಿಳಿದು ಬೀದಿಗೆ ಹೋದೆ. ಎರಡು ಸುತ್ತು ಹಾಕಿದೆ. ಬಂದಾಗಲೂ ಅತ್ತೆ ಆ ಬಾಗಿಲನ್ನೇ ಪರದೆ ತುಂಬ ಮಾಡಿಕೊಂಡು ಹಿಡಿದಿದ್ದರು. ಬೆಳಿಗ್ಗೆ ಮಾತಾಡುವುದು ಮೇಲು.

ಮಾರ್ಚ್ 20

ಬೆಳಿಗ್ಗೆ ನನಗೆ ಹೊಳೆದ ಪ್ರಶ್ನೆ: ಬಾಗಿಲಿನ ಬಿಲ್ಲೆ ನನ್ನಲ್ಲೇ ಬೇಕಾದಷ್ಟಿವೆ. ನಾನು ಲಿಫ್ಟಿನವನು ಅಂತ ಜನ ಕೊಡುವುದೇ ಬಾಗಿಲು. ಅರ್ಧ ತೆರೆದದ್ದು, ಗಾಜಿನದ್ದು, ಕಬ್ಬಿಣದ್ದು. ಹಾಗಿದ್ದೂ ಅತ್ತೆ ಇದೊಂದಕ್ಕೆ ರೈಲು ಕೊಟ್ಟರು. ಇದರಲ್ಲೇನಿದೆ?

ಹತ್ತಿರ ಹಿಡಿದು ನೋಡಿದೆ. ಮರದ ಬಾಗಿಲು, ಪೂರ್ತಿ ಮುಚ್ಚಿದೆ. ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ. ಒಳಗೆ ಯಾರೋ ಇದ್ದಾರೆ. ಅವರಷ್ಟಕ್ಕೆ ಅವರಿದ್ದಾರೆ.

ಇವಳು ಅತ್ತೆಯ ಸೀರೆ ಬದಲಿಸಲು ಬಂದಳು. ಮಂಚದ ಸುತ್ತ ಬೆಡ್‌ಶೀಟ್ ಎತ್ತಿ ಹಿಡಿಯುವುದು ನನ್ನ ಕೆಲಸ, ಮುಖ ಆಚೆ ತಿರುಗಿಸಿ. ನಾಲ್ಕು ತಿಂಗಳಿಂದ ಹೀಗೇ. ಗ್ಯಾಸಿನವನು ಬಂದರೂ, ಪಕ್ಕದ ಮನೆಯವರು ಬಂದರೂ ಅತ್ತೆ ಹಾಲ್ ಮಧ್ಯೆ. ಕಣ್ಣೆದುರಿಗಿರಲಿ, ನೋಡಿಕೊಳ್ಳಲು ಸುಲಭ ಅಂತ ನಾವೇ ಇಟ್ಟದ್ದು. ಬಾಗಿಲಿಲ್ಲದ ಜಾಗದಲ್ಲಿ. ಮರೆಗೆ ಉಳಿದದ್ದು ಗೋಡೆಯೊಂದೇ.

ಬೆಡ್‌ಶೀಟ್ ಹಿಡಿದ ಕೈ ಹಾಗೇ ನಿಂತಿತು. ಆಚೆ ಮುಖ ಮಾಡಿಕೊಂಡೇ ಕೇಳಿದೆ: ‘ಅತ್ತೆ, ನಿಮಗೊಂದು ರೂಮ್ ಬೇಕಾ? ಬಾಗಿಲು ಇರೋದು?’

‘ಹಾಗಲ್ಲ’ ಕೂಡ ಇಲ್ಲ. ಇವಳು ನನ್ನ ತೋಳು ಜಗ್ಗಿ, ತಿರುಗಿ ನೋಡಿ ಎಂದಳು. ತಿರುಗಿದೆ. ಅತ್ತೆ ಎಡಗೈಯನ್ನು ಹಣೆಗೆ ಒತ್ತಿಕೊಂಡು ಅಳುತ್ತಿದ್ದರು. ಕಾಯಿಲೆ ಬಿದ್ದಾಗಿನಿಂದ ಅತ್ತದ್ದು ಇದೇ ಮೊದಲು. ದುಃಖದ ಅಳು ಅಲ್ಲ ಅದು. ಕಿವುಡರ ಮನೆಯ ಬಾಗಿಲನ್ನು ತಟ್ಟಿ ತಟ್ಟಿ, ಕೊನೆಗೆ ಒಳಗಿನಿಂದ ‘ಬಂದೆ’ ಅಂತ ಕೇಳಿದವರ ಅಳು.

ಮಾರ್ಚ್ 24, ಭಾನುವಾರ

ನಮ್ಮ ರೂಮು ಅತ್ತೆಗೆ. ನಾವು ಹಾಲ್‌ಗೆ. ಬೀರು ಸರಿಸುವಷ್ಟರಲ್ಲಿ ಸೊಂಟ ಸತ್ತುಹೋಯಿತು.

ಬಾಗಿಲು ಕೆಲಸ ನಾನೇ ಮಾಡಿದೆ. ಹಿಂಜಿಗೆ ಎಣ್ಣೆ. ಎಡಗೈಗೆ ಎಟಕುವ ಹಾಗೆ ಕೆಳಗೊಂದು ಹಿಡಿ. ಮೇಲೆ ಸ್ಪ್ರಿಂಗ್ ಕ್ಲೋಸರ್, ಬೆರಳಲ್ಲಿ ತಳ್ಳಿದರೆ ಸಾಕು, ತಾನೇ ಮೆತ್ತಗೆ ಹೋಗಿ ಕೂರುತ್ತದೆ. ಚಿಲಕ ಒಳಗಿನಿಂದ ಹಾಕಬಹುದು, ಬಿದ್ದುಗಿದ್ದರೆ ಅಂತ ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿಯೂ ತೆಗೆಯಬಹುದು. ಊರಿನ ಎಷ್ಟೋ ಬಾಗಿಲು ನೇರ್ಪು ಮಾಡಿದ್ದೇನೆ. ಇಷ್ಟು ಮನಸ್ಸಿಟ್ಟು ಮಾಡಿದ್ದು ಇದೊಂದೇ.

ಅತ್ತೆ ಕೋಲೂರಿಕೊಂಡು ಬಂದರು. ಹಿಡಿ ಮುಟ್ಟಿದರು. ಒಳಗೆ ಹೋಗಿ ತಳ್ಳಿದರು. ಬಾಗಿಲು ಮುಚ್ಚಿತು. ನಾವಿಬ್ಬರೂ ಹೊರಗೆ ನಿಂತೆವು, ದೇವರ ಮುಂದೆ ನಿಂತ ಹಾಗೆ. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ತೆರೆಯಿತು.

ಟ್ಯಾಬ್ ಕೈಯಲ್ಲಿತ್ತು. ಮಗಳನ್ನು ದಾಟಿ ನನ್ನ ಕಡೆ ಚಾಚಿದರು. ಒಂದೇ ಬಿಲ್ಲೆ: ಚಳಿಗೆ ಎರಡೂ ಕೈಯಲ್ಲಿ ಹಿಡಿದ ಬಿಸಿ ಲೋಟ, ಏಳುತ್ತಿರುವ ಹಬೆ.

ಮಗಳ ಮೂಲಕ ಅಲ್ಲ. ನನಗೇ.

ಏಪ್ರಿಲ್ 1

ಅತ್ತೆಯನ್ನು ಆರೈಕೆ ಮನೆಗೆ ಕರೆದೊಯ್ಯಲು ಭಾವ ಹನ್ನೊಂದಕ್ಕೆ ಬಂದರು. ಹಾಲ್‌ನಲ್ಲಿ ಮಂಚ ಕಾಣದೆ ಬೆಚ್ಚಿದರು. ಇವಳು ರೂಮಿನ ಕಡೆ ಕೈ ತೋರಿಸಿದಳು. ಭಾವ ನೇರ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಅತ್ತೆ ಕೈಯೆತ್ತಿ ಹೊರಗೆ ಹೋಗೆಂದರು. ಅವರು ಹೊರಬಂದ ಮೇಲೆ ಬಾಗಿಲು ಮುಚ್ಚಿದರು.

ಭಾವ ನಮ್ಮ ಮುಖ ನೋಡಿದರು. ನಾವು ಬಾಗಿಲ ಮುಖ ನೋಡಿದೆವು.

ಕೊನೆಗೆ ಭಾವ ಬೆರಳು ಮಡಿಸಿ ಮೆಲ್ಲನೆ ತಟ್ಟಿದರು. ಬಾಗಿಲು ತೆರೆಯಿತು. ಅತ್ತೆ ಸ್ವಾಗತ ಕೋರುವವರ ಹಾಗೆ ಪಕ್ಕಕ್ಕೆ ಸರಿದರು. ಇವಳು ಬಾಯಿಗೆ ಸೆರಗು ಒತ್ತಿ ನಗು ನುಂಗಿದಳು.

ಹಾಸಿಗೆಯ ಮೇಲೆ ಟ್ಯಾಬ್. ಅದರಲ್ಲಿ ಮೂರು ಬಿಲ್ಲೆ ಸಾಲಾಗಿ ಜೋಡಿಸಿದ್ದರು. ಬೀಗದ ಕೈ ಗೊಂಚಲು. ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಕುರ್ಚಿ.

ಭಾವ ನೋಡಿದರು. ತಮ್ಮ ಬೆರಳಲ್ಲಿ ತೂಗುತ್ತಿದ್ದ ಕಾರ್ ಕೀ ನೋಡಿಕೊಂಡರು. ತಮ್ಮ ಕಾಲು ನೋಡಿಕೊಂಡರು. ಬಂದಾಗೆಲ್ಲ ಕೀ ಹಿಡಿದುಕೊಂಡು ನಿಂತೇ ಮಾತಾಡಿ ಹೋಗುವ ಮಗ. ಕೀಯನ್ನು ಜೇಬಿಗೆ ಹಾಕಿದರು. ಕುರ್ಚಿ ಎಳೆದು ಕೂತರು.

‘ಅಮ್ಮ… ನಿನಗೆ ಎಲ್ಲಾ ಗೊತ್ತಾಗ್ತಿತ್ತಾ?’

ಅತ್ತೆ ಅವರ ಕೀ ಹಾಕಿದ ಜೇಬನ್ನು ಬೆರಳಲ್ಲಿ ತಟ್ಟಿದರು.

‘ಆ ಮನೆಗೆ ಹೋಗ್ತೀಯಾ? ಇಲ್ಲೇ ಇರ್ತೀಯಾ? ನೀನೇ ಹೇಳಮ್ಮ. ನಾನು ನಿನ್ನ ಕೇಳಲೇ ಇಲ್ಲ.’

ಅತ್ತೆ ಹೊಸ್ತಿಲಾಚೆ ನಿಂತ ನಮ್ಮಿಬ್ಬರನ್ನು ನೋಡಿದರು. ಎಡಗೈ ಎತ್ತಿ ಬಾಗಿಲು ತಳ್ಳಿದರು. ಮೆತ್ತಗೆ ಮುಚ್ಚಿತು, ಮಗ ಒಳಗೆ, ನಾವು ಹೊರಗೆ. ಉತ್ತರ ಅದೇ. ತನ್ನ ಬಾಗಿಲು ಇರುವ ಕಡೆ ತಾನು.

ಒಳಗೆ ಏನು ನಡೆಯಿತೋ ನಮಗೆ ತಿಳಿಯದು. ಕೇಳಲೂ ಇಲ್ಲ. ಹೊರಬಂದಾಗ ಭಾವನ ಕಣ್ಣು ಕೆಂಪಗಿತ್ತು. ಶನಿವಾರ ಭಾನುವಾರ ಇನ್ನು ಮೇಲೆ ತಾನು ಬಂದು ಇರುವುದಾಗಿ ಹೇಳಿದರು. ತಂಗಿ ಆ ಎರಡು ದಿನ ಈ ಮನೆಯ ಒಂದು ಕಡ್ಡಿಯನ್ನೂ ಆಚೀಚೆ ಮಾಡಬಾರದಂತೆ.

ಏಪ್ರಿಲ್ 10

ಪೆನ್ಸಿಲ್ ತುಂಡು ಬರೆದಿದ್ದರು. ರೈಲು ಕೊಟ್ಟು ಬಾಗಿಲು ಕೇಳಿದಾಗ ನನಗೆ ತಲೆ ಕೆಟ್ಟಿದೆ ಅಂದುಕೊಂಡರಂತೆ. ಮನಸ್ಸಿಗೆ ಚುಚ್ಚುತ್ತಿದೆ, ರೈಲು ವಾಪಸ್ ತೆಗೆದುಕೊಳ್ಳಿ ಎಂದರು. ಬೇಡ ಎಂದೆ. ಯಾಕೆ ಅಂತ ಎಲ್ಲ ಬರೆದೆ — ಬಿಸಿಲು, ಕಾವಲುಗಾರ, ಬಾಗಿಲು, ಕೊಕ್ಕರೆ. ಬೇರೆಯವರಿಗೂ ಹೇಳಬಹುದಾ ಎಂದು ಕೇಳಿದರು. ಅತ್ತೆಯನ್ನು ಕೇಳಿದೆ. ತಲೆಯಾಡಿಸಿದರು.

ಅತ್ತೆಗೆ ಬೇರೆ ಖಾತೆ ತೆರೆದೆವು. ಹೆಸರೇನಿಡೋಣ ಅಂದರೆ ಬೆರಳು ಹೋಗಿ ನಿಂತದ್ದು ಒಂದು ಕೆಂಪು ಮೆಣಸಿನಕಾಯಿಯ ಮೇಲೆ. ‘ನಮ್ಮಮ್ಮನಿಗೆ ಇದಕ್ಕಿಂತ ಸರಿಯಾದ ಹೆಸರಿಲ್ಲ’ ಎಂದಳು ಮಗಳು. ಅತ್ತೆ ನಕ್ಕರು. ಬಾಯಿ ಒಂದು ಕಡೆ ಮಾತ್ರ ಏಳುತ್ತದೆ. ಆದರೂ ಪೂರ್ತಿ ನಗು.

ಏಪ್ರಿಲ್ 14

ಅತ್ತೆಗೆ ಬಿಲ್ಲೆ ಬರುತ್ತಿವೆ. ಬರುತ್ತಲೇ ಇವೆ. ಯಾವ ಊರಿನವರೋ, ಯಾವ ಹೊತ್ತಿನಲ್ಲೋ. ಮುಖ ಗೊತ್ತಿಲ್ಲದ ಜನ. ಇದ್ದದ್ದನ್ನು ಕೊಡುವವರು ಕೆಲವರು. ಕೂತು ಹೊಸದಾಗಿ ಬರೆಯುವವರು ಕೆಲವರು. ವಸ್ತುವಿನ ಚಿತ್ರ ಬೇಕಾದಷ್ಟಿತ್ತು, ‘ಮರೆತೆ’ ಅನ್ನುವುದಕ್ಕೆ ಇರಲಿಲ್ಲ. ಒಬ್ಬರು ಮಾಡಿದರು: ಅಂಗಡಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಮನುಷ್ಯ, ಕೈಯಲ್ಲಿ ಖಾಲಿ ಚೀಲ. ‘ಇನ್ನೂ ಇಲ್ಲ’ ಅನ್ನುವುದಕ್ಕೆ ಇನ್ನೊಬ್ಬರು: ಹಣತೆಯ ಪಕ್ಕ ಗೀರದ ಬೆಂಕಿಕಡ್ಡಿ. ಬಿಲ್ಲೆ ಕೂಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಭಾಷೆಯೊಂದು ಹುಟ್ಟುವುದನ್ನು ನೋಡುತ್ತಿದ್ದೇನೆ — ನಮ್ಮ ಮನೆಯ ಹಾಸಿಗೆಯ ಮೇಲೆ.

ಅತ್ತೆ ಪುಕ್ಕಟೆ ಮುಟ್ಟುವುದಿಲ್ಲ. ಪ್ರತಿಯೊಂದಕ್ಕೂ ಒಂದು ವಾಪಸ್ ಹೋಗಲೇಬೇಕು. ಚೌಕಾಸಿ ಬೇರೆ. ಚಂದ್ರನನ್ನು ಕಳಿಸಿದವರಿಗೆ ಹಲ್ಲಿ ಕೊಟ್ಟರು. ಅವರು ಖುಷಿಯಿಂದ ಸ್ವೀಕರಿಸಿದರು. ನನ್ನ ಸಂಗ್ರಹದಿಂದಲೇ ಹೋಗುತ್ತಿರುವುದು ಅಂತ ಯಾರಿಗೆ ಹೇಳಲಿ.

ಸ್ಪೀಚ್ ಮೇಡಂ ಒಂದು ಗಂಟೆ ಕೂತು ನೋಡಿದರು. ಟಿಪ್ಪಣಿ ಮಾಡಿಕೊಳ್ಳಲು ಪೆನ್ ತೆಗೆದಿದ್ದರು. ಬರೆಯಲಿಲ್ಲ. ಪೆನ್ ಹಿಡಿದುಕೊಂಡೇ ಕೂತಿದ್ದರು.

ಏಪ್ರಿಲ್ 29

ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಲಿಫ್ಟ್ ಹೂಡುವ ಕೆಲಸ. ಬರೆಯಲು ಬಿಡುವಿಲ್ಲ. ಇವತ್ತು ಬರೆಯದಿದ್ದರೆ ಆಗದು.

ಮೊನ್ನೆ ಅತ್ತೆ ಕಥೆ ಹಾಕಿದರು. ಹೌದು, ಕಥೆ. ಅಕ್ಷರ ಒಂದೂ ಇಲ್ಲ. ನದಿ. ದೋಣಿ. ದೋಣಿಯಲ್ಲಿ ಖಾಲಿ ಕುರ್ಚಿ. ಉರಿಯುವ ಲಾಟೀನು. ಒಂದು ನಾಯಿ. ಹುಟ್ಟು ಹಾಕುತ್ತಾ ತಿರುಗಿ ನೋಡುತ್ತಿರುವ ಹುಡುಗಿ. ಅಲ್ಲಿಗೆ ನಿಲ್ಲಿಸಿದರು.

ಹಾಳೆಮನೆಯವರು ಮುಗಿಬಿದ್ದು ಓದಿದರು. ಆ ಕುರ್ಚಿ ಯಾರದ್ದು ಎಂದು ಚರ್ಚೆಯೋ ಚರ್ಚೆ. ತೀರಿಹೋದವರ ಕುರ್ಚಿ ಎಂದರು ಕೆಲವರು. ಓದಿ ಅಳು ಬಂತು ಎಂದರು. ಇವಳೂ ಮೆಲ್ಲನೆ ಕೇಳಿದಳು, ಅದು ಅಪ್ಪನ ಕುರ್ಚಿಯಾ ಅಮ್ಮ ಅಂತ. ‘ಹಾಗಲ್ಲ.’ ಆ ಹುಡುಗಿ ನೀನಾ? ‘ಹಾಗಲ್ಲ.’ ಹಾಗಾದರೆ ಇದೆಲ್ಲ ಎಲ್ಲಿ ನಡೆದದ್ದು? ಅತ್ತೆ ಬೆರಳನ್ನು ತಮ್ಮ ಹಣೆಗೆ ಮುಟ್ಟಿಸಿದರು. ಇಲ್ಲಿ.

ನಡೆದದ್ದಲ್ಲ. ಕಟ್ಟಿದ್ದು. ನಾನೂ ಇವಳೂ ಮುಖ ಮುಖ ನೋಡಿಕೊಂಡೆವು. ಮಾತಿದ್ದಾಗ ಒಂದು ಕಥೆ ಹೇಳಿದವರಲ್ಲ. ಕಥೆ ಕೇಳಿದರೆ ಚಿಕ್ಕಂದಿನಲ್ಲಿ ಇವಳನ್ನು ಗದರುತ್ತಿದ್ದರಂತೆ, ಕೆಲಸ ನೋಡು ಹೋಗು ಅಂತ.

ಇವತ್ತು ಎರಡನೇ ಸಾಲು ಹಾಕಿದರು. ಮೊದಲ ಬಿಲ್ಲೆ: ಕುರ್ಚಿಯ ಮೇಲೆ ಠೀವಿಯಿಂದ ಕೂತ ನಾಯಿ.

ಕುರ್ಚಿ ನಾಯಿಯದ್ದು! ಪಾಪ, ಅಳುಮುಂಜಿಗಳೆಲ್ಲ ಪೆಚ್ಚು. ಪೆನ್ಸಿಲ್ ತುಂಡು ಬಸ್ಸಿನಲ್ಲಿ ಒಬ್ಬರೇ ನಕ್ಕು ಪಕ್ಕದವರಿಂದ ಬೈಸಿಕೊಂಡರಂತೆ. ಅತ್ತೆಗೆ ಅದನ್ನು ಓದಿ ಹೇಳಿದೆ. ಕಣ್ಣಲ್ಲಿ ಮಿಂಚು. ನಾವು ಎಲ್ಲಿ ಅಳುತ್ತೇವೆ ಅಂತ ಮೊದಲೇ ಲೆಕ್ಕ ಹಾಕಿದ್ದರು, ಕಿಲಾಡಿ.

ಮೇ 4, ಶನಿವಾರ, ಸಂಜೆ

ಮೂರನೇ ಸಾಲು ಇವತ್ತು. ರೂಮಿನ ಬಾಗಿಲು ತಟ್ಟಿ ಒಳಗೆ ಬಂದು ಕೂತಿದ್ದೇವೆ. ಭಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ್ದಾರೆ. ಇವಳು ಹಾಸಿಗೆಯ ಕಾಲ ಕಡೆ, ಕೈಯಲ್ಲಿ ಹೊಲಿಗೆಯಿಲ್ಲ. ನಾನು ಮೂಲೆಯಲ್ಲಿ ಇದನ್ನು ಬರೆಯುತ್ತಾ. ಅಲ್ಲಿ ಹಾಳೆಮನೆಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೋ, ಇಲ್ಲಿ ನಾವು ಮೂವರು.

ಮೊದಲನೆಯದು ಇಟ್ಟರು: ಮಂಜು. ಎರಡನೆಯದು: ನೀರಿನ ಮೇಲೆ ಉದ್ದಕ್ಕೆ ಬಿದ್ದ ಲಾಟೀನಿನ ಬೆಳಕು. ದೋಣಿ ದಡ ಸೇರಿತು. ನಾಯಿ ಎದ್ದು ನಿಂತಿತು. ಹುಡುಗಿ ಹುಟ್ಟು ಕೆಳಗಿಟ್ಟಳು.

ದಡದಲ್ಲಿ ಯಾರಿದ್ದಾರೆ ಎಂದು ಭಾವ ಕೇಳಿದರು, ಚಿಕ್ಕ ಹುಡುಗನ ದನಿಯಲ್ಲಿ. ಅತ್ತೆ ‘ಇನ್ನೂ ಇಲ್ಲ’ ತೋರಿಸಿದರು, ಗೀರದ ಕಡ್ಡಿ. ಹುಡುಕುತ್ತಿದ್ದಾರೆ. ಬೇಕಾದ್ದು ಸಿಗುತ್ತಿಲ್ಲ. ಒಂದನ್ನು ಎತ್ತಿದರು, ಬೇಡವೆಂದು ಬಿಟ್ಟರು.

ಸಿಕ್ಕಿತು. ಬೆರಳು ನಿಂತಿದೆ. ಅತ್ತೆ ನಮ್ಮನ್ನೊಮ್ಮೆ ನೋಡಿ ಟ್ಯಾಬ್ ಈ ಕಡೆ ತಿರುಗಿಸುತ್ತಿದ್ದಾರೆ, ದಡದಲ್ಲಿ ನಿಂತಿರುವುದು —